ಎರಡು ಸಲ ಅಗೆದ ಬೀದಿ

ಎಡಿನ್‌ಬರೋದ ಲೀತ್ ವಾಕ್ ಬೀದಿಯ ಅಂಗಡಿಯವರಿಗೆ ಬಹುಕಾಲ ಟ್ರಾಮ್ ಎಂದರೆ ಬಾಗಿಲ ಮುಂದಿನ ಗುಂಡಿ. 2007ರಲ್ಲಿ ನೆಲದಡಿಯ ನೀರಿನ ಪೈಪು, ಗ್ಯಾಸ್ ಪೈಪು, ಕೇಬಲ್‌ಗಳನ್ನು ಪಕ್ಕಕ್ಕೆ ಸರಿಸುವ ಕೆಲಸ ಶುರುವಾಗಿ ಬೀದಿಯನ್ನು ಬಗೆದುಹಾಕಿದರು. ಧೂಳು ಕುಡಿದದ್ದಾಯಿತು, ಗಿರಾಕಿ ಕಳೆದುಕೊಂಡದ್ದಾಯಿತು, ಟ್ರಾಮ್ ಮಾತ್ರ ಬರಲಿಲ್ಲ. ಖರ್ಚು ಕೈಮೀರಿ, ಮಾರ್ಗವನ್ನು ಊರ ನಡುವಿನ ಯಾರ್ಕ್ ಪ್ಲೇಸ್‌ಗೇ ಮುಗಿಸಿಬಿಟ್ಟರು. ಹನ್ನೆರಡು ವರ್ಷ ಕಳೆದು, 2019ರ ನವೆಂಬರ್‌ನಲ್ಲಿ ಅದೇ ಬೀದಿಗೆ ಜೆಸಿಬಿಗಳು ಮತ್ತೆ ಬಂದವು.

ಪೇಟೆಯ ವ್ಯಾಪಾರದಲ್ಲಿ ಗಿರಾಕಿಯ ಕಾಲು ಒಂದು ಜಾಡು ಹಿಡಿದಿರುತ್ತದೆ. ಕೆಲಸ ಮುಗಿಸಿ ಬಸ್ಸಿಳಿದು, ಒಂದು ಬ್ರೆಡ್ಡು, ನಾಲ್ಕು ತರಕಾರಿ ಕಟ್ಟಿಸಿಕೊಂಡು ಮನೆಗೆ ಹೋಗುವ ಜಾಡು ಅದು. ಬಸ್ ಸ್ಟಾಪನ್ನು ಇನ್ನೂರು ಮೀಟರ್ ಆಚೆಗೆ ಸರಿಸಿ, ಅಂಗಡಿ ಮುಂದೆ ಆಳೆತ್ತರದ ಬೇಲಿ ನಿಲ್ಲಿಸಿ ನೋಡಿ. ಮೊದಲ ವಾರ ಹಳೆಯ ಗಿರಾಕಿ ಸುತ್ತಿಬಳಸಿಯಾದರೂ ಬರುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ಬೇರೆ ಅಂಗಡಿ ರೂಢಿಯಾಗಿರುತ್ತದೆ. ಬಾಡಿಗೆ, ಸಂಬಳ, ಕರೆಂಟ್ ಬಿಲ್ಲು ಮಾತ್ರ ಜಾಡು ತಪ್ಪದೆ ಬರುತ್ತಲೇ ಇರುತ್ತವೆ. ದೊಡ್ಡ ಕಂಪನಿಯ ಮಳಿಗೆ ಇಲ್ಲಿನ ನಷ್ಟವನ್ನು ಇನ್ನೊಂದು ಶಾಖೆಯ ಲಾಭದಲ್ಲಿ ತುಂಬಿಕೊಂಡೀತು. ಗಲ್ಲಾಪೆಟ್ಟಿಗೆಯ ಹಿಂದೆ ತಾನೇ ಕೂರುವವರಿಗೆ ಆ ಅನುಕೂಲವೆಲ್ಲಿ? ಇಂಥ ಕಡೆಗಳಲ್ಲೆಲ್ಲ ‘ಅಂಗಡಿಗಳು ಎಂದಿನಂತೆ ತೆರೆದಿವೆ’ ಎಂಬ ಬೋರ್ಡು ಕಾಣುತ್ತದೆ. ಎಂದಿನಂತೆಯೇ ಇದ್ದಿದ್ದರೆ ಆ ಬೋರ್ಡು ಬೇಕಾಗುತ್ತಿತ್ತೇ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಟ್ರಾಮ್ ಹಳಿ ಹಾಕುವುದೆಂದರೆ ಟಾರು ಕಿತ್ತು ಮತ್ತೆ ಟಾರು ಹಾಕಿದಷ್ಟು ಸುಲಭವಲ್ಲ. ಹಳಿ ಕೂರುವುದು ಕಾಂಕ್ರೀಟ್ ಹಾಸಿನ ಮೇಲೆ. ನಾಳೆ ಅದರಡಿ ನೀರಿನ ಪೈಪು ಒಡೆದರೆ ರಿಪೇರಿ ಮುಗಿಯುವವರೆಗೆ ಟ್ರಾಮ್ ನಿಲ್ಲಿಸಬೇಕು. ಹಾಗಾಗಿ ಹಳಿಗಿಂತ ಮೊದಲೇ ಅಡಿಯಲ್ಲಿರುವುದನ್ನೆಲ್ಲ ಸರಿಸಿಡುತ್ತಾರೆ. ಹಳೆಯ ಊರುಗಳ ಕಷ್ಟ ಇರುವುದು ಅಲ್ಲೇ. ನಕ್ಷೆಯಲ್ಲಿ ಇರುವುದು ನೆಲದಲ್ಲಿ ಇರುವುದಿಲ್ಲ, ನೆಲದಲ್ಲಿ ಸಿಗುವುದು ನಕ್ಷೆಯಲ್ಲಿ ಇರುವುದಿಲ್ಲ.

ಆ ಬೀದಿ ತಲುಪುವ ಲೀತ್‌ನ ನೆಲದಲ್ಲಿ ಸಿಕ್ಕಿದ್ದಂತೂ ಚರಿತ್ರೆಯೇ. ಕಾನ್‌ಸ್ಟಿಟ್ಯೂಷನ್ ಸ್ಟ್ರೀಟ್ ಎಂಬ ರಸ್ತೆಯನ್ನು 18ನೇ ಶತಮಾನದ ಕೊನೆಗೆ ಸೌತ್ ಲೀತ್ ಚರ್ಚಿನ ಸ್ಮಶಾನವನ್ನು ಸೀಳಿಕೊಂಡೇ ಹಾಕಿದ್ದರು. ಎರಡನೇ ಸಲ ಅಗೆಯುವಾಗ ಅಲ್ಲಿ 360ಕ್ಕೂ ಹೆಚ್ಚು ಅಸ್ಥಿಪಂಜರಗಳು ಸಿಕ್ಕವು, ಹಳೆಯವು 14ನೇ ಶತಮಾನದವು. ಪುರಾತತ್ವದವರು ಒಂದೊಂದನ್ನೂ ಬ್ರಷ್ಷು ಹಿಡಿದು ಬಿಡಿಸಬೇಕು, ಆಮೇಲೆ ರಸ್ತೆ ಕೆಲಸದವರ ಸರದಿ. ಎದುರಿನ ಅಂಗಡಿಯವರು ಅದನ್ನು ಯಾವ ಮನಸ್ಸಿನಿಂದ ನೋಡಿರಬಹುದು ಎಂದು ಊಹಿಸಬಹುದು. ಪಿಲ್ರಿಗ್ ಹತ್ತಿರ ಸಿಕ್ಕಿದ್ದು ಇನ್ನೂ ಸ್ವಾರಸ್ಯದ್ದು: ಹಳೇ ಟ್ರಾಮಿನ ಕೇಬಲ್ ಹಾಯುತ್ತಿದ್ದ ಭಾರಿ ಕಬ್ಬಿಣದ ರಾಟೆಗಳು. 1920ರವರೆಗೆ ಲೀತ್ ಬೇರೆಯೇ ಊರು. ಅದರ ಟ್ರಾಮ್ 1905ರಿಂದ ವಿದ್ಯುತ್ತಿನದು, ಎಡಿನ್‌ಬರೋದ್ದು ಕೇಬಲ್ ಎಳೆಯುವಂಥದ್ದು. ಪಿಲ್ರಿಗ್ ಗಡಿಯಲ್ಲಿ ಜನ ಒಂದರಿಂದ ಇಳಿದು ಇನ್ನೊಂದಕ್ಕೆ ಹತ್ತಬೇಕು. 1922ರವರೆಗೂ ಈ ಪಡಿಪಾಟಲು ನಡೆಯಿತು. ಹಳೇ ಟ್ರಾಮುಗಳೆಲ್ಲ 1956ರ ನವೆಂಬರ್‌ನಲ್ಲಿ ನಿಂತುಹೋದವು.

ಮೊದಲ ಸಲದ ಕಥೆ ಬ್ರಿಟನ್ನಿನಲ್ಲೆಲ್ಲ ನಗೆಪಾಟಲಾಯಿತು. ನಗರಸಭೆಯದೇ ಆದ ಕಂಪನಿಗೂ ಗುತ್ತಿಗೆದಾರರಿಗೂ ಜಗಳ ಹತ್ತಿ, 2009ರಲ್ಲಿ ಊರಿನ ಮುಖ್ಯ ಬೀದಿಯಾದ ಪ್ರಿನ್ಸಸ್ ಸ್ಟ್ರೀಟ್‌ನಲ್ಲೂ ಕೆಲಸ ನಿಂತಿತು. ಕೊನೆಗೆ 2014ರ ಮೇ 31ಕ್ಕೆ ವಿಮಾನ ನಿಲ್ದಾಣದಿಂದ ಯಾರ್ಕ್ ಪ್ಲೇಸ್‌ವರೆಗೆ 14 ಕಿಲೋಮೀಟರ್ ಮಾರ್ಗ ತೆರೆಯುವಷ್ಟರಲ್ಲಿ 77.6 ಕೋಟಿ ಪೌಂಡ್ ಆಗಿತ್ತು. ತಪ್ಪು ಯಾರದೆಂದು ಪತ್ತೆಹಚ್ಚಲು ಅದೇ ವರ್ಷ ನೇಮಿಸಿದ ಲಾರ್ಡ್ ಹಾರ್ಡಿ ವಿಚಾರಣೆ ವರದಿ ಕೊಟ್ಟದ್ದು 2023ರ ಸೆಪ್ಟೆಂಬರ್‌ನಲ್ಲಿ. ವಿಚಾರಣೆಗೆ ತಗುಲಿದ್ದು ಸುಮಾರು 1.3 ಕೋಟಿ ಪೌಂಡ್. ಎರಡನೇ ಸಲದ ಕಾಮಗಾರಿಯಲ್ಲಿ ವ್ಯಾಪಾರಿಗಳ ನೆರವಿಗೆಂದು ತೆಗೆದಿಟ್ಟದ್ದು 24 ಲಕ್ಷ ಪೌಂಡ್. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಿಟ್ಟು ಬರುತ್ತದೆ.

ಆದರೂ ಎರಡನೇ ಸಲ ನಗರಸಭೆ ಒಂದಿಷ್ಟು ಬುದ್ಧಿ ಕಲಿತಿತ್ತು. ಹೊಸ ಗುತ್ತಿಗೆಯ ತಿರುಳು ಎಂದರೆ ಒಂದು ಕಡೆ ಒಂದೇ ಸಲ ಅಗೆಯುವುದು. ಬೇಲಿ ಹಾಕಿದ ಮೇಲೆ ಪೈಪು ಸರಿಸಿ, ಹಳಿ ಹಾಕಿ, ಕಲ್ಲು ಹಾಸಿ, ಎಲ್ಲ ಮುಗಿಸಿಯೇ ಬೇಲಿ ತೆಗೆಯಬೇಕು. ಇಂದು ನೀರಿನವರು, ಮುಂದಿನ ವರ್ಷ ಹಳಿಯವರು ಎಂಬ ಸರದಿ ಬೇಡ ಎಂಬ ನಿರ್ಧಾರ ಅದು. ಬೇಲಿಯೊಳಗಿನ ಕಾಲ ಉದ್ದವಾದೀತು ಎಂಬ ಆಕ್ಷೇಪಕ್ಕೆ ಅರ್ಥವಿಲ್ಲದಿಲ್ಲ. ಆದರೆ ಯಾವ ತಿಂಗಳಿಗೆ ಮುಗಿಯುತ್ತದೆಂದು ಗೊತ್ತಿದ್ದರೆ ವ್ಯಾಪಾರಿ ಸಾಲವಾದರೂ ಮಾಡಿ ತಾಳಿಕೊಳ್ಳಬಹುದು. ಮುಗಿಯಿತೆಂದುಕೊಂಡ ಮೇಲೆ ಮತ್ತೆ ಅಗೆತ ಶುರುವಾದರೆ ಅವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ನನಗೆ ಮೆಚ್ಚುಗೆಯಾದದ್ದು ಸಾಮಾನು ಸಾಗಿಸಲು ಮಾಡಿದ ಏರ್ಪಾಡು. ಬೇಲಿ ಬಿದ್ದ ಮೇಲೆ ಹಾಲಿನ ವ್ಯಾನಾಗಲಿ, ಬಿಯರ್ ಪೀಪಾಯಿಯ ಲಾರಿಯಾಗಲಿ ಅಂಗಡಿ ಮುಂದೆ ನಿಲ್ಲುವ ಹಾಗಿಲ್ಲ. ಅದಕ್ಕೆ ಮಾರ್ಗದುದ್ದಕ್ಕೂ ಅಲ್ಲಲ್ಲಿ ಲಾರಿ ನಿಲ್ಲುವ ತಾಣ ಮಾಡಿ, ಅಲ್ಲಿಂದ ಬೇಲಿಯ ಪಕ್ಕದ ಕಿರುದಾರಿಯಲ್ಲಿ ಸರಕನ್ನು ತಳ್ಳುಗಾಡಿಯಲ್ಲಿ ಬಾಗಿಲಿಗೆ ಮುಟ್ಟಿಸಲು ಆಳುಗಳನ್ನು ಇಟ್ಟರು. ಪಬ್ಬಿನವರು ಪೀಪಾಯಿ ಉರುಳಿಸಿಕೊಂಡು ಇನ್ನೂರು ಮೀಟರ್ ನಡೆಯುವುದು ತಪ್ಪಿತು. ಉಚಿತ ಫಲಕ, ಜಾಹೀರಾತು ಇತ್ಯಾದಿಗಿಂತ ಇದರ ಉಪಯೋಗ ಹೆಚ್ಚು ಎಂದೇ ನನ್ನ ಎಣಿಕೆ. ಅಷ್ಟರಲ್ಲಿ ಕೋವಿಡ್ ಬಂದು ಕೆಲಸವೂ ನಿಂತಿತು, ವ್ಯಾಪಾರವೂ ನಿಂತಿತು. ಯಾವ ನಷ್ಟ ಟ್ರಾಮಿನದು, ಯಾವುದು ರೋಗದ್ದು ಎಂದು ಬೇರ್ಪಡಿಸುವುದು ಆಮೇಲೆ ಯಾರಿಂದಲೂ ಸಾಧ್ಯವಿರಲಿಲ್ಲ. ಯಾರ್ಕ್ ಪ್ಲೇಸ್‌ನಿಂದ ಲೀತ್ ದಾಟಿ ನ್ಯೂಹೇವನ್‌ವರೆಗಿನ ಈ 4.7 ಕಿಲೋಮೀಟರ್ ವಿಸ್ತರಣೆ 20.7 ಕೋಟಿ ಪೌಂಡ್‌ನಲ್ಲಿ ಮುಗಿದು 2023ರ ಜೂನ್ 7ಕ್ಕೆ ಓಡಾಟ ಶುರುವಾಯಿತು.

ಕೈಗೇ ಹಣ ಕೊಡುವ ವಿಷಯದಲ್ಲಿ ಲಾಸ್ ಏಂಜಲೀಸ್ ಇನ್ನೂ ಮುಂದೆ ಹೋಗಿತ್ತು. ಅಲ್ಲಿನ ಮೆಟ್ರೊ ಸಂಸ್ಥೆ ಬೀದಿಯಲ್ಲಿ ರೈಲು ಹಾಕುವಾಗ ಪಕ್ಕದ ಸಣ್ಣ ಅಂಗಡಿಗಳಿಗೆಂದೇ 2015ರಿಂದ ಒಂದು ನಿಧಿ ನಡೆಸುತ್ತಿದೆ. 25 ಅಥವಾ ಅದಕ್ಕಿಂತ ಕಡಿಮೆ ನೌಕರರಿರುವ ಅಂಗಡಿಗೆ ವರ್ಷಕ್ಕೆ 50,000 ಡಾಲರ್‌ವರೆಗೆ, ಕಳೆದುಕೊಂಡ ಆದಾಯದ ಶೇ 60 ಮೀರದಂತೆ, ಸಿಗುತ್ತದೆ, ಅದೂ ಸಾಲವಲ್ಲ. ತೊಡಕಿರುವುದು ಕಾಗದಪತ್ರದಲ್ಲಿ. ಹಿಂದೆ ಎಷ್ಟು ವ್ಯಾಪಾರ ನಡೆಯುತ್ತಿತ್ತು ಎಂದು ಲೆಕ್ಕಪುಸ್ತಕದಿಂದ ತೋರಿಸಬೇಕು. ರೊಕ್ಕ ಎಣಿಸಿ ಕೊಟ್ಟು ತೆಗೆದುಕೊಂಡು, ಬಾಯಿಲೆಕ್ಕದಲ್ಲೇ ಬಾಳಿದ ವಲಸಿಗರ ಅಂಗಡಿಗಳು ಎಡವುವುದು ಇಲ್ಲೇ. ಅದೇ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ 2018ರ ಕೊನೆಗೆ ಶುರುವಾದ ಟ್ರಾಮ್ ಕಾಮಗಾರಿ ಹಾದುಹೋದ ಫೋರ್ತ್ ಸ್ಟ್ರೀಟ್, ಮೆಕ್ಸಿಕೋ ಮೂಲದವರು ಮದುವೆಗೆ, ಹೆಣ್ಣುಮಕ್ಕಳ ಹದಿನೈದನೇ ವರ್ಷದ ಸಮಾರಂಭಕ್ಕೆ ಉಡುಪು ಕೊಳ್ಳಲು ಬರುವ ಬೀದಿ. ಇಂಥ ಗಿರಾಕಿ ಕುಟುಂಬದ ಜತೆ ಕಾರಿನಲ್ಲಿ ಬಂದು ಅರ್ಧ ದಿನ ಕಳೆಯುವವರು. ‘ತಿನ್ನಿ, ಕೊಳ್ಳಿ, ಆಡಿ’ ಎಂಬ ಧಾಟಿಯ ಪ್ರಚಾರವನ್ನು ಸಾರಿಗೆ ಸಂಸ್ಥೆ ನಡೆಸಿತು. ಕಾರು ನಿಲ್ಲಿಸಲು ಜಾಗವಿಲ್ಲದ ಕಡೆ ಪ್ರಚಾರ ಎಷ್ಟು ದೂರ ಹೋದೀತು?

ಬೆಂಗಳೂರಿನ ಓದುಗರಿಗೆ ಇದೆಲ್ಲ ದೂರದ ಸುದ್ದಿಯೇನಲ್ಲ. ಟ್ರಾಮ್ ನಮ್ಮಲ್ಲಿಲ್ಲ, ಗುಂಡಿಗಳಿವೆ. 2020ರಲ್ಲಿ ಸ್ಮಾರ್ಟ್ ಸಿಟಿ ಹೆಸರಿನಲ್ಲಿ ಕಮರ್ಷಿಯಲ್ ಸ್ಟ್ರೀಟ್ ಅಗೆದಾಗ ಅಲ್ಲಿನ ವ್ಯಾಪಾರಿಗಳು ಪಟ್ಟ ಪಾಡು ನೆನಪಿರಬಹುದು. ಮೆಟ್ರೊಗೆ ಜಾಗ ಹೋದವರ ಪರಿಹಾರಕ್ಕೆ ಕಾನೂನಿದೆ. ಜಾಗ ಉಳಿದು ಗಿರಾಕಿ ಹೋದವರ ಹೆಸರು ಯೋಜನೆಯ ಅಂದಾಜುಪಟ್ಟಿಯಲ್ಲಿ ಯಾವ ಸಾಲಿಗೆ ಬರುತ್ತದೆ? ಕಾಂಕ್ರೀಟಿಗೆ, ಉಕ್ಕಿಗೆ ಹಣ ತೆಗೆದಿಡುವಂತೆ ಇದಕ್ಕೂ ಮೊದಲೇ ತೆಗೆದಿಟ್ಟರೆ ಅದು ಖರ್ಚಿನಂತೆ ಕಾಣುತ್ತದೆ. ಆಮೇಲೆ ಕೊಟ್ಟರೆ ದಾನದಂತೆ ಕಾಣುತ್ತದೆ, ಅಂಗಡಿಯವರು ಅರ್ಜಿ ಹಿಡಿದು ನಿಲ್ಲಬೇಕಾಗುತ್ತದೆ.

ಎಡಿನ್‌ಬರೋ ಈಗ ಮೂರನೇ ಸಲಕ್ಕೆ ಅಣಿಯಾಗುತ್ತಿದೆ. ಉತ್ತರದ ಗ್ರಾಂಟನ್‌ನಿಂದ ದಕ್ಷಿಣದ ದೊಡ್ಡ ಆಸ್ಪತ್ರೆಯ ಕಡೆಗೆ ಇನ್ನೊಂದು ಟ್ರಾಮ್ ಮಾರ್ಗದ ಪ್ರಸ್ತಾವವಿದ್ದು, 2025ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಲಾಯಿತು. ಆ ದಾರಿ ಸಾಗುವುದು ಸೌತ್ ಬ್ರಿಜ್, ನಿಕಲ್ಸನ್ ಸ್ಟ್ರೀಟ್‌ಗಳಂಥ ಇಕ್ಕಟ್ಟಿನ ಬೀದಿಗಳಲ್ಲಿ. ಅವು ಲೀತ್ ವಾಕ್‌ನಷ್ಟು ಅಗಲವಿಲ್ಲ, ಅಂಗಡಿಗಳು ಅದಕ್ಕಿಂತ ಒತ್ತಾಗಿವೆ. ಟ್ರಾಮ್ ಎಂದು ಬರುತ್ತದೆ ಎಂಬುದಕ್ಕಿಂತ, ನನ್ನ ಬಾಗಿಲ ಮುಂದೆ ಎಷ್ಟು ಸಲ ಅಗೆಯುತ್ತೀರಿ, ಆಗ ನನ್ನ ಸರಕಿನ ಲಾರಿ ಎಲ್ಲಿ ನಿಲ್ಲಬೇಕು ಎಂಬುದನ್ನು ಅಲ್ಲಿನವರು ಮೊದಲು ಕೇಳಬೇಕು, ಉತ್ತರವನ್ನು ಗುತ್ತಿಗೆಯ ಕಾಗದದಲ್ಲೇ ಬರೆಸಿಕೊಳ್ಳಬೇಕು.