ಧಾರವಾಡದ ಅಳತೆಗೋಲು, ನಾಸಿಕದ ಹುಡುಗ

ನಾವು ಹುಬ್ಬಳ್ಳಿಯಿಂದ ನಾಸಿಕಕ್ಕೆ ಬಂದ ಎರಡನೇ ವರ್ಷ. ಮಗನಿಗೆ ಎಂಟು ತುಂಬಿತ್ತು. ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ಒಮ್ಮೆ ಬುದ್ಧಿಮತ್ತೆ ಪರೀಕ್ಷೆ ಮಾಡಿಸಿ ಎಂದು ಶಾಲೆಯವರು ಹೇಳಿದರು. ಪರೀಕ್ಷೆ ಮರಾಠಿಯಲ್ಲಿ ನಡೆಯಿತು. ವರದಿಯಲ್ಲಿ ಮಾನಸಿಕ ವಯಸ್ಸು ಆರು, ಐಕ್ಯೂ 75 ಎಂದಿತ್ತು. ಆರನ್ನು ಎಂಟರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಅಂಕ ಅದು.

ಮನೆಗೆ ಬಂದ ಮೇಲೆ ಏನೇನು ಕೇಳಿದರು ಅಂತ ವಿಚಾರಿಸಿದೆ. "ತಾಯಿ ಏನು ಮಾಡ್ತಾಳೆ ಅಂದ್ರು. ಅಡುಗೆ ಮಾಡ್ತಾಳೆ, ನನಗೆ ಸ್ನಾನ ಮಾಡಿಸ್ತಾಳೆ ಅಂದೆ" ಎಂದ. ಮರಾಠಿಯಲ್ಲಿ ತಾಈ ಎಂದರೆ ಅಕ್ಕ! ವರದಿಯಲ್ಲಿ "ಮನೆಯ ಸಂಬಂಧಗಳ ತಿಳಿವಳಿಕೆ ಕಡಿಮೆ" ಎಂದು ಬರೆದಿದ್ದರು.

ಪರೀಕ್ಷೆಯ ಹೆಸರು ಬಿನೆ-ಕಾಮತ್. ಅದರ ಮೂಲ ಹುಡುಕಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. 1934ರಲ್ಲಿ ವಿ. ವಿ. ಕಾಮತ್ ಎಂಬ ವಿದ್ವಾಂಸರು ನಮ್ಮ ಮುಂಬೈ ಕರ್ನಾಟಕದ ಮಕ್ಕಳಿಗಾಗಿಯೇ ಸಿದ್ಧಪಡಿಸಿದ್ದು ಅದು. ಕನ್ನಡ, ಮರಾಠಿ ಎರಡೂ ಭಾಷೆಯ ಮಕ್ಕಳ ಮೇಲೆ ಧಾರವಾಡದ ಕಡೆ ಪರಿಷ್ಕರಿಸಿದ್ದರು. ಮಗುವಿನ ಭಾಷೆಯಲ್ಲೇ ಕೇಳಬೇಕು ಎಂಬ ಎಚ್ಚರ ಅದರ ಹುಟ್ಟಿನಲ್ಲೇ ಇತ್ತು. ಕನ್ನಡದ ಹುಡುಗನಿಗೆ ಅದೇ ತಪ್ಪಿತು.

ಮೂಲ ಪರೀಕ್ಷೆ 1905ರದು. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಅದನ್ನು ಮಾಡಿದ್ದು ಹೆಚ್ಚಿನ ಸಹಾಯ ಬೇಕಾದ ಮಕ್ಕಳನ್ನು ಗುರುತಿಸಲು. ಬುದ್ಧಿ ಬದಲಾಗದ ವಸ್ತು ಎಂಬುದನ್ನು ಬಿನೆ ಒಪ್ಪುತ್ತಿರಲಿಲ್ಲ. ಆದರೆ ಅಮೆರಿಕಕ್ಕೆ ಹೋದ ಪರೀಕ್ಷೆಯ ಕಥೆಯೇ ಬೇರೆಯಾಯಿತು. 1913ರಲ್ಲಿ ಹೆನ್ರಿ ಗೊಡಾರ್ಡ್ ಅವರ ತಂಡ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿದ ವಲಸಿಗರನ್ನು ದುಭಾಷಿಗಳ ಮೂಲಕ ಪರೀಕ್ಷಿಸಿ, ಅವರಲ್ಲಿ ಬಹುಪಾಲು ಜನರನ್ನು ಮಂದಬುದ್ಧಿಯವರೆಂದು ಎಣಿಸಿತು. ಊರು ಬಿಟ್ಟು ಬಂದ ನಮಗೆ ಆ ಸಾಲಿನಲ್ಲಿ ನಿಂತವರ ಪಾಡು ಬಿಡಿಸಿ ಹೇಳಬೇಕಿಲ್ಲ.

ಪರೀಕ್ಷೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ನಾಸಿಕದಲ್ಲೇ ರಜನಿ ಲಿಮಯೆಯವರು ಕಟ್ಟಿದ ಪ್ರಬೋಧಿನಿ ವಿದ್ಯಾಮಂದಿರದಂಥ ವಿಶೇಷ ಶಾಲೆ ಇದೆ. ಅಗತ್ಯವಿರುವ ಮಗು ಅಂಥಲ್ಲಿಗೆ ತಲುಪಲು, ಸರ್ಕಾರದ ಪ್ರಮಾಣಪತ್ರ ಪಡೆಯಲು ಅಳತೆ ಬೇಕೇ ಬೇಕು. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೂಡ ಬುದ್ಧಿಶಕ್ತಿಯೊಂದನ್ನೇ ನೋಡುವುದಿಲ್ಲ. ದಿನನಿತ್ಯದ ಬದುಕಿನಲ್ಲಿ ಮಗು ಹೇಗೆ ನಿಭಾಯಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನನ್ನ ಮಗ ಒಬ್ಬನೇ ಕಿರಾಣಿ ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುತ್ತಿದ್ದ. ಅದನ್ನು ಯಾರೂ ಕೇಳಲಿಲ್ಲ.

ಮರುವರ್ಷ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು, ವಾಳೂಜ್ ಕಾರ್ಖಾನೆ ಕಡೆ. ಅಲ್ಲಿನ ಮನಶ್ಶಾಸ್ತ್ರಜ್ಞೆ ಮೊದಲು ಕೇಳಿದ್ದು, "ಮನೆಯಲ್ಲಿ ಯಾವ ಭಾಷೆ?" ನಾಗಪುರದ ಮಾಲಿನ್ ಅವರು ಭಾರತದ ಮಕ್ಕಳಿಗೆ ಹೊಂದಿಸಿದ ಇನ್ನೊಂದು ಪರೀಕ್ಷೆಯಿಂದ, ಮಾತು ಕಡಿಮೆ ಬೇಕಾದ ಭಾಗವನ್ನಷ್ಟೇ ಆರಿಸಿಕೊಂಡರು: ಘನಗಳ ಜೋಡಣೆ, ಚಿತ್ರದಲ್ಲಿ ಬಿಟ್ಟುಹೋದದ್ದನ್ನು ಹುಡುಕುವುದು, ಚಕ್ರವ್ಯೂಹದ ದಾರಿ. ಅಂಕ ನೂರರ ಆಸುಪಾಸು ಬಂತು. "ಇದನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಮರಾಠಿ ಕಲಿಯಲು ಎರಡು ವರ್ಷ ಕೊಡಿ" ಎಂದರು.

ಈಗ ಅವನು ಗೆಳೆಯರೊಡನೆ ಮರಾಠಿಯಲ್ಲಿ ಜಗಳವಾಡುತ್ತಾನೆ. ಹೊರನಾಡಿನಲ್ಲಿರುವ ತಂದೆತಾಯಿಗಳಲ್ಲಿ ನನ್ನದೊಂದು ಮನವಿ: ಮಗುವಿಗೆ ಪರೀಕ್ಷೆ ಮಾಡಿಸುವಾಗ ಅದು ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ಮೊದಲು ಕೇಳಿ. ಆ ಭಾಷೆಗೆ ಮಗು ಬಂದು ಎಷ್ಟು ದಿನವಾಯಿತು ಎಂಬುದನ್ನು ವರದಿಯಲ್ಲಿ ಬರೆಸಿ.