ಡ್ರೋನ್ ಬಳಕೆ ಮತ್ತು ಗ್ರಾಮಸ್ಥರ ಒಪ್ಪಿಗೆ: ಸದಸ್ಯರು ತಿಳಿದಿರಬೇಕಾದ ಅಂಶಗಳು

ಗ್ರಾಮದ ಮೇಲೆ ಡ್ರೋನ್ ಹಾರಿದ ದಿನ ಜನರು ಮೊದಲು ವಿಚಾರಿಸುವುದು ತಮ್ಮ ವಾರ್ಡಿನ ಸದಸ್ಯರನ್ನು. ಅದು ಯಾರದು, ಏತಕ್ಕೆ ಬಂದಿದೆ, ಮನೆಯ ಚಿತ್ರ ತೆಗೆಯುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಸದಸ್ಯರಲ್ಲಿ ಉತ್ತರವಿಲ್ಲದಿದ್ದಲ್ಲಿ ವದಂತಿಯೇ ಉತ್ತರವಾಗುತ್ತದೆ. ಆದುದರಿಂದ ಈ ಕೆಳಕಂಡ ಅಂಶಗಳನ್ನು ಸದಸ್ಯರ ಗಮನಕ್ಕೆ ತರಲಾಗಿದೆ.

1. ನಿಯಮ ಏನು ಹೇಳುತ್ತದೆ?

ಡ್ರೋನ್ ನಿಯಮಗಳು, 2021ರ ಪ್ರಕಾರ ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಾಟಕ್ಕೆ ಪೂರ್ವಾನುಮತಿ ಅಗತ್ಯವಿಲ್ಲ. ಅಂದರೆ ಇಂತಹ ಹಾರಾಟಕ್ಕೆ ಗ್ರಾಮ ಪಂಚಾಯತಿಯ ಪರವಾನಗಿ ಬೇಕೆಂದು ಆ ನಿಯಮಗಳು ಹೇಳುವುದಿಲ್ಲ. ಆದರೆ ಡ್ರೋನ್‌ಗೆ ವಿಶಿಷ್ಟ ಗುರುತಿನ ಸಂಖ್ಯೆ ಇರತಕ್ಕದ್ದು. 250 ಗ್ರಾಂ ಮೀರಿದ ಡ್ರೋನ್‌ಗೆ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ಅಪಘಾತವಾದಲ್ಲಿ 48 ಗಂಟೆಯೊಳಗೆ ಡಿಜಿಟಲ್ ಸ್ಕೈ ವೇದಿಕೆಯಲ್ಲಿ ವರದಿ ಮಾಡಬೇಕು. ಗುರುತಿನ ಸಂಖ್ಯೆ ಮತ್ತು ವಿಮೆಯ ವಿವರವನ್ನು ವಿನಯದಿಂದ ಕೇಳುವುದು ತಪ್ಪಲ್ಲ. ಕಲ್ಲು ತೂರುವುದು ಮಾತ್ರ ಅಪರಾಧಕ್ಕೆ ದಾರಿ.

2. ಸ್ವಾಮಿತ್ವ ಸಮೀಕ್ಷೆ

2020ರ ಏಪ್ರಿಲ್ 24ರಂದು ಆರಂಭವಾದ ಈ ಯೋಜನೆಯಲ್ಲಿ ಗ್ರಾಮಠಾಣಾ ಪ್ರದೇಶದ ಆಸ್ತಿಗಳನ್ನು ಡ್ರೋನ್ ಮೂಲಕ ಅಳೆಯಲಾಗುತ್ತದೆ. ಹಾರಾಟಕ್ಕೆ ಮುನ್ನ ಸುಣ್ಣದ ಪುಡಿಯಿಂದ ಗಡಿ ಗುರುತಿಸಲಾಗುತ್ತದೆ. ಮೇಲಿನಿಂದ ಕಾಣುವುದು ಆ ಗುರುತೇ ಆದ್ದರಿಂದ, ತಪ್ಪಾಗಿ ಸುಣ್ಣ ಬಿದ್ದಲ್ಲಿ ನಕ್ಷೆಯೂ ತಪ್ಪಾಗುತ್ತದೆ. ಗುರುತು ಹಾಕುವಾಗ ಅಕ್ಕಪಕ್ಕದ ಇಬ್ಬರೂ ಮಾಲೀಕರು ಸ್ಥಳದಲ್ಲಿರುವಂತೆ ನೋಡಿಕೊಳ್ಳುವುದು ಸೂಕ್ತ. ವಿಶೇಷವಾಗಿ ಒಂಟಿ ಮಹಿಳೆಯರು ಮತ್ತು ಊರು ಬಿಟ್ಟು ದುಡಿಯಲು ಹೋದವರ ಆಸ್ತಿಗಳ ಬಗ್ಗೆ ಎಚ್ಚರ ಅಗತ್ಯ. ತೆರಿಗೆ ಹೆಚ್ಚುವುದೇ ಎಂದು ಕೇಳಿದವರಿಗೆ ಸತ್ಯವನ್ನೇ ಹೇಳಬೇಕು: ಲೆಕ್ಕಕ್ಕೆ ಬಾರದ ಆಸ್ತಿಗಳು ದಾಖಲೆಗೆ ಬರುತ್ತವೆ; ಜೊತೆಗೆ ಮಾಲೀಕರ ಕೈಗೆ ದಾಖಲೆಯೂ ಬರುತ್ತದೆ.

3. ಔಷಧ ಸಿಂಪಡಣೆ

ಇಲ್ಲಿ ಜನರ ಆತಂಕಕ್ಕೆ ಗಟ್ಟಿ ಆಧಾರವಿದೆ. ಗಾಳಿಗೆ ತೇಲಿದ ಕೀಟನಾಶಕ ಪಕ್ಕದ ಹಿಪ್ಪುನೇರಳೆ ತೋಟದ ಮೇಲೆ ಬಿದ್ದಲ್ಲಿ, ಆ ಸೊಪ್ಪು ತಿಂದ ರೇಷ್ಮೆ ಹುಳು ಸಾಯುತ್ತದೆ. ಒಂದು ಕುಟುಂಬದ ಇಡೀ ಬೆಳೆ ಹೋಗುತ್ತದೆ. ಜೇನು, ಕೆರೆಯ ಮೀನು, ಮೇಯುವ ದನಕರುಗಳಿಗೂ ಅಪಾಯವಿದೆ. ಕೇಂದ್ರ ಕೃಷಿ ಸಚಿವಾಲಯವು 2021ರ ಡಿಸೆಂಬರ್‌ನಲ್ಲಿ ಹೊರಡಿಸಿದ ಕಾರ್ಯವಿಧಾನದಂತೆ ಸಿಂಪಡಣೆಗೆ 24 ಗಂಟೆ ಮುಂಚಿತವಾಗಿ ಸ್ಥಳೀಯ ಪಂಚಾಯತಿ ಅಥವಾ ಕೃಷಿ ಅಧಿಕಾರಿಗಳ ಮೂಲಕ ಜನರಿಗೆ ತಿಳಿಸಬೇಕು. ಮಾಹಿತಿ ಬಂದ ಕೂಡಲೇ ಡಂಗುರ ಸಾರಿಸಿ, ರೇಷ್ಮೆ ಬೆಳೆಗಾರರಿಗೆ ಮತ್ತು ಜೇನು ಸಾಕುವವರಿಗೆ ಖುದ್ದಾಗಿ ತಿಳಿಸುವುದು ಒಳಿತು.

4. ಗಣಿ ಸಮೀಕ್ಷೆ

ವಾರ್ಷಿಕ 10 ಲಕ್ಷ ಟನ್ ಅಥವಾ ಹೆಚ್ಚಿನ ಅಗೆತದ ಯೋಜನೆಯುಳ್ಳ, ಇಲ್ಲವೇ 50 ಹೆಕ್ಟೇರ್ ಅಥವಾ ಹೆಚ್ಚಿನ ವಿಸ್ತೀರ್ಣದ ಪ್ರಧಾನ ಖನಿಜ ಗುತ್ತಿಗೆದಾರರು ಪ್ರತಿ ವರ್ಷ ಡ್ರೋನ್ ಚಿತ್ರಗಳನ್ನು ಭಾರತೀಯ ಗಣಿ ಬ್ಯೂರೋಗೆ ಸಲ್ಲಿಸಬೇಕೆಂದು 2021ರಲ್ಲಿ ನಿಯಮ ತಿದ್ದುಪಡಿಯಾಗಿದೆ. ಗುತ್ತಿಗೆ ಗಡಿಯ ಹೊರಗೆ 100 ಮೀಟರ್‌ವರೆಗಿನ ಚಿತ್ರವೂ ಇದರಲ್ಲಿ ಸೇರಿದೆ. ರೈತರ ಹೊಲದ ಮೇಲೆ ಡ್ರೋನ್ ಕಾಣಲು ಇದೂ ಒಂದು ಕಾರಣ. ಗಡಿ ಮೀರಿ ಅಗೆದಿದ್ದರೆ ಅದೂ ಚಿತ್ರದಲ್ಲಿ ಕಾಣುವುದರಿಂದ ಈ ಸಮೀಕ್ಷೆ ಗ್ರಾಮಸ್ಥರಿಗೂ ಉಪಯುಕ್ತ.

5. ಸದಸ್ಯರು ಮಾಡಬಹುದಾದ್ದು

ಹಾರಾಟದ ದಿನ, ಸಮಯ, ಉದ್ದೇಶ, ಸಂಸ್ಥೆಯ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಪಂಚಾಯತಿ ಸೂಚನಾ ಫಲಕದಲ್ಲಿ ಹಾಕಿಸುವುದು. ವಾರ್ಡ್ ಸಭೆಯಲ್ಲಿ, ಮಹಿಳೆಯರ ಸಮ್ಮುಖದಲ್ಲಿ, ಚಿತ್ರಗಳು ಯಾರ ಬಳಿ ಉಳಿಯುತ್ತವೆ ಎಂಬುದನ್ನು ಸಂಸ್ಥೆಯವರಿಂದಲೇ ಹೇಳಿಸುವುದು. ಹಾನಿಯಾದಲ್ಲಿ ಅದೇ ದಿನ ಸ್ಥಳ ಪರಿಶೀಲಿಸಿ ಲಿಖಿತ ದೂರು ಪಡೆಯುವುದು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿಯೇ ತೀರ್ಪು ನೀಡಿದೆ. ಹಿತ್ತಿಲಿನಲ್ಲಿ ಸ್ನಾನಕ್ಕೆ ನೀರು ಕಾಯಿಸುವ ಮಹಿಳೆಯ ಸಂಕೋಚವನ್ನು ಅಜ್ಞಾನವೆಂದು ತಳ್ಳಿಹಾಕಬಾರದು. ಮೊದಲೇ ತಿಳಿಸಿದ ಊರಿನಲ್ಲಿ ಡ್ರೋನ್ ಕೆಲಸದ ಸಾಧನವಾಗಿ ಕಾಣುತ್ತದೆ. ತಿಳಿಸದ ಊರಿನಲ್ಲಿ ಅದೇ ಯಂತ್ರ ಕಳ್ಳಗಣ್ಣಾಗಿ ತೋರುತ್ತದೆ.