ಅಂತಃಕಲಹವೂ ಊರಾಡಳಿತವೂ

ರಾಜ್ಯಕ್ಕೆ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಅಂಗಗಳುಂಟೆಂದು ನಮ್ಮ ನೀತಿಶಾಸ್ತ್ರಕಾರರು ಎಣಿಸಿರುವರು. ಹೊರಗಿನ ಶತ್ರುವು ಬಂದರೆ ಮೊದಲ ಪೆಟ್ಟು ದುರ್ಗಕ್ಕೆ ತಗಲುವುದು. ಒಳಗಿನವರೇ ಶಸ್ತ್ರ ಹಿಡಿದರೆ ಅಮಾತ್ಯನಿಗೂ ಕೋಶಕ್ಕೂ ತಗಲುವುದು. ಇದನ್ನರಿಯಲು ಅಸುಂಡಿ ಮೊದಲಾದ ಗದಗಿನ ಸುತ್ತಣ ಹಳ್ಳಿಗಳವರು ದೂರ ಹೋಗಬೇಕಾಗಿಲ್ಲ.

1857ರಲ್ಲಿ ಕುಂಪಣಿ ಸರಕಾರವು ಪ್ರಜೆಗಳ ಆಯುಧಗಳನ್ನು ಕಸಿದುಕೊಳ್ಳಲು ಹೊರಟಿತು. ನರಗುಂದದ ಬಾಬಾಸಾಹೇಬರಿಗೆ ದತ್ತಕದ ಅನುಮತಿಯೂ ದೊರೆಯಲಿಲ್ಲ. ಮುಂಡರಗಿಯ ಭೀಮರಾಯರಾದರೋ ಅದೇ ಸರಕಾರದಲ್ಲಿ ಕಂದಾಯದ ಅಧಿಕಾರ ನಡೆಸಿ ಹೊರಬಿದ್ದವರು. 1858ರ ಮೇ ತಿಂಗಳಲ್ಲಿ ಅವರು ಹಮ್ಮಿಗಿಯ ಕೆಂಚನಗೌಡರೊಡನೆ ದಂಗೆಯೆದ್ದು, ಡಂಬಳದ ಖಜಾನೆಯನ್ನು ಸೂರೆಗೊಂಡು, ಕೊಪ್ಪಳದ ಕೋಟೆಯನ್ನು ಹಿಡಿದರು. ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸಾಹೇಬನು ಸುರೇಬಾನದಲ್ಲಿ ನರಗುಂದದವರ ಕೈಯಿಂದ ಹತನಾದನು. ಜೂನ್ 1ರಂದು ಕೊಪ್ಪಳದಲ್ಲಿ ಭೀಮರಾಯರೂ ಕೆಂಚನಗೌಡರೂ ಮಡಿದರು. 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು.

ಆ ವೀರರ ಶೌರ್ಯವು ನಮಗೆ ಪೂಜ್ಯವೇ. ಆದರೆ ಗೃಹಸ್ಥನು ಇನ್ನೊಂದು ಮಾತನ್ನೂ ವಿಚಾರಿಸಬೇಕು. ಖಜಾನೆಯೆಂಬುದು ಬರಿಯ ಹಣದ ಪೆಟ್ಟಿಗೆಯಲ್ಲ. ರೈತನ ಕಂದಾಯವು ಬಂದು ಸೇರುವುದೂ ಚಾಕರಿಯವರ ಸಂಬಳವು ಹೊರಡುವುದೂ ಅಲ್ಲಿಯೇ. ಅದು ಬರಿದಾದರೆ ಕಾವಲುಗಾರನು ಕಾಯನು. ಅಧಿಕಾರಿಯು ಓಡಿಹೋದರೆ ಶಾನಭೋಗನ ಲೆಕ್ಕವನ್ನು ನೋಡುವವರಿಲ್ಲ, ಬದುವಿನ ವ್ಯಾಜ್ಯವನ್ನು ಕೇಳುವವರಿಲ್ಲ. ಆಗ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮಾತ್ಸ್ಯನ್ಯಾಯವೇ ಉಳಿಯುವುದು. ದಂಡು ಬಂದು ದಂಗೆಯನ್ನು ಅಡಗಿಸಬಲ್ಲುದು. ಕೆರೆಯ ಹೂಳನ್ನು ತೆಗೆಯಿಸಲಾರದು.

ಕೆಟ್ಟ ಆಡಳಿತವು ಮರಳಿ ಕುದುರುವುದಕ್ಕೆ ಎಷ್ಟು ಕಾಲ ಬೇಕೆಂಬುದನ್ನು ನೆರೆಯ ನೇಪಾಳವು ತೋರಿಸಿಕೊಟ್ಟಿದೆ. 1996ರಿಂದ 2006ರ ವರೆಗಿನ ಅಂತರ್ಯುದ್ಧದಲ್ಲಿ ಅಲ್ಲಿಯ ಗ್ರಾಮಸಮಿತಿಗಳ ಅನೇಕ ಕಾರ್ಯದರ್ಶಿಗಳು ಪ್ರಾಣಭಯದಿಂದ ಜಿಲ್ಲೆಯ ಪಟ್ಟಣಗಳನ್ನು ಸೇರಿದರು. ಎಷ್ಟೋ ಕಚೇರಿಗಳು ಸುಟ್ಟುಹೋದವು. 2002ರಲ್ಲಿ ಅವಧಿ ತೀರಿದ ಸ್ಥಳೀಯ ಸಂಸ್ಥೆಗಳಿಗೆ ಹೊಸ ಚುನಾವಣೆಯಾದುದು 2017ರಲ್ಲಿ. ಕಾಳಗ ನಿಂತ ಮೇಲೂ ಹನ್ನೊಂದು ವರ್ಷ ಊರುಗಳು ತಮ್ಮವರೇ ಆರಿಸಿದ ಪಂಚರಿಲ್ಲದೆ ಇದ್ದವು!

1858ರ ಬೆಂಕಿಗೆ ಮೊದಲ ಕಿಡಿಯು ಖಡ್ಗವಲ್ಲ, ಅಹವಾಲನ್ನು ಕೇಳದ ಕಿವಿ. 1993ರ ಕಾಯಿದೆಯು ನಮ್ಮ ಹಳ್ಳಿಗಳಿಗೆ ಗ್ರಾಮಸಭೆಯನ್ನು ಕೊಟ್ಟಿದೆ. ಕುಂದುಕೊರತೆಯನ್ನು ಅಲ್ಲಿ ಗಟ್ಟಿಯಾಗಿ ಹೇಳುವವರೂ ತಾಳ್ಮೆಯಿಂದ ಕೇಳುವವರೂ ಇರುವ ತನಕ ಊರ ಕೋಶಕ್ಕೂ ಊರ ಅಮಾತ್ಯನಿಗೂ ಕ್ಷೇಮವುಂಟು. ಆದುದರಿಂದ ವಾಚಕರೇ, ಗ್ರಾಮಸಭೆಯ ಡಂಗುರವನ್ನು ಕೇಳಿದ ದಿನ ಮನೆಯಲ್ಲಿ ಕುಳಿತಿರಬೇಡಿರಿ.